ಹಳೆಯ ಫ್ಯಾನಿನ ಆಯುಸ್ಸು

ಬಸವನಗುಡಿಯ ಹಳೆಯ ಮನೆಯೊಂದರ ನಡುಮನೆಯ ಫ್ಯಾನು ಒಂದು ಬೇಸಗೆಯ ಮಧ್ಯಾಹ್ನ ಗುಂಯ್ ಎಂದು ಗುನುಗುತ್ತ, ತಿರುಗಲಾರದೆ ನಿಂತುಬಿಟ್ಟಿತು. ಮನೆಯ ಯಜಮಾನರು ಸಂಬಳದಲ್ಲಿ ತಿಂಗಳುಗಟ್ಟಲೆ ಉಳಿಸಿ ತಂದಿದ್ದ ಫ್ಯಾನದು. ಅವರು ತೀರಿಕೊಂಡು ಹತ್ತು ವರ್ಷಗಳಾದರೂ ಅದು ಮಾತ್ರ ಮನೆಮಂದಿಗೆ ಗಾಳಿ ಬೀಸುತ್ತಲೇ ಇತ್ತು.

“ಅಮ್ಮಾ, ಇದನ್ನು ಗುಜರಿಗೆ ಹಾಕಿ ಹೊಸದು ತರೋಣ” ಎಂದನು ಮಗ.

“ನಿಮ್ಮಪ್ಪ ತಂದದ್ದು ನಲವತ್ತು ವರ್ಷ ಬಾಳಿತು. ನೀನು ತಂದ ಮಿಕ್ಸಿ ನಾಲ್ಕು ವರ್ಷವೂ ಬಾಳಲಿಲ್ಲವಲ್ಲಪ್ಪ!” ಎಂದಳು ತಾಯಿ.

ಈ ವಾದ ನಡೆಯದ ಮನೆ ಇಂದು ವಿರಳ. ಹಿಂದಿನ ಇಸ್ತ್ರಿಪೆಟ್ಟಿಗೆ, ಹಿಂದಿನ ಫ್ರಿಜ್ಜು, ಹಿಂದಿನ ರೇಡಿಯೋ, ಎಲ್ಲವೂ ಗಟ್ಟಿ. ಈಗಿನವೆಲ್ಲ ಟೊಳ್ಳು ಎಂಬುದು ಹಿರಿಯರ ತೀರ್ಮಾನ. ಆದರೆ ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂಬ ಗಾದೆಯೂ ನಮ್ಮಲ್ಲಿದೆ. ಅಂದು ಕೆಟ್ಟುಹೋದ ಫ್ಯಾನುಗಳು ಅಂದೇ ಗುಜರಿ ಸೇರಿದುವು. ಸಾಕ್ಷಿ ಹೇಳಲು ಉಳಿದಿರುವುವು ಗಟ್ಟಿಯಾದುವು ಮಾತ್ರ.

ಹಾಗೆಂದು ಹಿರಿಯರ ಸಂಶಯ ನಿರಾಧಾರವೇನಲ್ಲ. 1924ರಲ್ಲಿ ಪ್ರಪಂಚದ ದೊಡ್ಡ ಬಲ್ಬು ತಯಾರಕರು ಜಿನೀವಾದಲ್ಲಿ ಕೂಟ ಕಟ್ಟಿಕೊಂಡು, ಬಲ್ಬಿನ ಆಯುಸ್ಸನ್ನು ಒಂದು ಸಾವಿರ ಗಂಟೆಗೆ ಇಳಿಸಲು ಒಪ್ಪಿಕೊಂಡರು. ಯಾರ ಬಲ್ಬು ಹೆಚ್ಚು ಕಾಲ ಉರಿಯಿತೋ ಅವರಿಗೇ ದಂಡ! ಇನ್ನೊಂದು ಕಡೆ, ಕ್ಯಾಲಿಫೋರ್ನಿಯದ ಲಿವರ್‌ಮೋರ್ ಊರಿನ ಅಗ್ನಿಶಾಮಕ ಠಾಣೆಯಲ್ಲಿ, ಬೆಂಗಳೂರಿಗೆ ವಿದ್ಯುದ್ದೀಪ ಬರುವುದಕ್ಕೆ ನಾಲ್ಕು ವರ್ಷ ಮೊದಲು, 1901ರಲ್ಲಿ ಹೊತ್ತಿಸಿದ ಬಲ್ಬೊಂದು ಅಲ್ಪ ವಿರಾಮಗಳನ್ನು ಬಿಟ್ಟರೆ ಶತಮಾನವನ್ನು ದಾಟಿ ಉರಿದಿದೆ. ಆದರೆ ಅದರ ಬೆಳಕು ಮಲಗುವ ಕೋಣೆಯ ಮಂದದೀಪದಷ್ಟು. ತಂತಿಯನ್ನು ಹೆಚ್ಚು ಕಾಯಿಸಿದರೆ ಬೆಳಕು ಹೆಚ್ಚು, ಆಯುಸ್ಸು ಕಡಿಮೆ. ಇದು ಪ್ರಕೃತಿಯದೇ ನಿಯಮ. ದೀರ್ಘಾಯುಸ್ಸಿಗೂ ಬೆಲೆಯುಂಟು.

ಬಸವನಗುಡಿಯ ಮನೆಗೆ ಮೆಕ್ಯಾನಿಕ್ ಬಂದನು. ಏಣಿ ಹತ್ತಿ, ಮೇಲಿನ ಬಟ್ಟಲನ್ನು ಕೆಳಗಿಳಿಸಿ, ಹೆಬ್ಬೆರಳಿನಷ್ಟು ಗಾತ್ರದ ಕೆಪಾಸಿಟರನ್ನು ಬದಲಿಸಿದನು. ಕಾಲು ಗಂಟೆಯಲ್ಲಿ ಫ್ಯಾನು ತಿರುಗಿತು. ತಾಯಿಯ ಕಣ್ಣಲ್ಲಿ ಗೆಲುವು ಮಿನುಗಿತು.

“ಇದರಲ್ಲಿ ಕೆಡುವುದು ಮೂರೇ ಅಮ್ಮಾವ್ರೇ: ಬೇರಿಂಗು, ಕೆಪಾಸಿಟರು, ವೈಂಡಿಂಗು. ಮೂರೂ ರಿಪೇರಿ ಆಗುತ್ತವೆ. ಹೊಸದರಲ್ಲಿ ಒಂದು ಕಾರ್ಡು ಇರುತ್ತದೆ. ಅದು ಹೋದರೆ ಕಂಪನಿಯವರೇ ಕೊಡಬೇಕು” ಎಂದು ಆತನು ಏಣಿಯಿಂದಿಳಿದನು.

ಮಗ ಸುಮ್ಮನಿರಲಿಲ್ಲ, ಕಾಗದ ಪೆನ್ಸಿಲು ತಂದನು. ಹಳೆಯ ಫ್ಯಾನಿಗೆ 75 ವ್ಯಾಟು, ಹೊಸ ಬಗೆಯದಕ್ಕೆ ಸುಮಾರು 30 ವ್ಯಾಟು. ದಿನಕ್ಕೆ ಹತ್ತು ಗಂಟೆ ತಿರುಗಿದರೆ ವರ್ಷಕ್ಕೆ ಸುಮಾರು 164 ಯೂನಿಟ್ಟುಗಳ ಉಳಿತಾಯ. ನಲವತ್ತು ವರ್ಷ ಮನೆಯ ಜಮಾಖರ್ಚನ್ನು ತಾನೇ ಬರೆದ ತಾಯಿಗೆ ಆ ಅಂಕಿಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಕೆ ಬಹಳ ಹೊತ್ತು ಮೌನವಾಗಿದ್ದಳು.

“ಹಾಗಾದರೆ ಇದನ್ನು ನನ್ನ ಕೋಣೆಗೆ ಹಾಕಿಸು. ಅಲ್ಲಿ ರಾತ್ರಿ ಒಂದೆರಡು ಗಂಟೆ ತಿರುಗಿದರೆ ಸಾಕು. ದಿನವೆಲ್ಲ ತಿರುಗುವ ನಡುಮನೆಗೆ ಹೊಸದು ಬರಲಿ” ಎಂದಳು ಕೊನೆಗೆ.

ಮರುದಿನ ಅಂಗಡಿಯಲ್ಲಿ ಮಗ ಬಣ್ಣವನ್ನು ನೋಡುತ್ತಿದ್ದರೆ ತಾಯಿ ಮಾರುವವನನ್ನು ಕೇಳಿದಳು: “ಕಾರ್ಡು ಕೆಟ್ಟರೆ ಬಿಡಿಭಾಗವನ್ನು ಎಷ್ಟು ವರ್ಷ ಕೊಡುತ್ತೀರಿ?” ಆತನು ಗ್ಯಾರಂಟಿಯ ಮಾತು ತೆಗೆದನು. “ಅದಲ್ಲಪ್ಪ, ಆಮೇಲೆ?” ಎಂದಳು ಆಕೆ. ಆತನಲ್ಲಿ ಉತ್ತರವಿರಲಿಲ್ಲ.

ಆಕೆಯ ಪ್ರಶ್ನೆಯನ್ನೇ ಈಗ ಸರಕಾರಗಳೂ ಕೇಳತೊಡಗಿವೆ. 2021ರಿಂದ ಫ್ರಾನ್ಸಿನಲ್ಲಿ ಕೆಲವು ಉಪಕರಣಗಳ ಮೇಲೆ, ಅವುಗಳ ರಿಪೇರಿ ಎಷ್ಟು ಸುಲಭವೆಂಬುದಕ್ಕೆ ಹತ್ತರಲ್ಲಿ ಇಷ್ಟೆಂದು ಅಂಕ ನಮೂದಿಸಬೇಕೆಂದಾಯಿತು. 2022ರಲ್ಲಿ ಭಾರತ ಸರಕಾರವೂ ರಿಪೇರಿಯ ಹಕ್ಕಿನ ವಿಷಯವನ್ನು ಕೈಗೆತ್ತಿಕೊಂಡಿತು. ವಸ್ತುವಿನ ಆಯುಸ್ಸು ಅದರ ಕಬ್ಬಿಣದ ತೂಕದಲ್ಲಷ್ಟೇ ಇಲ್ಲ. ಅದನ್ನು ಬಿಚ್ಚಿ ಸರಿಪಡಿಸಬಲ್ಲವನೊಬ್ಬ, ಅವನ ಕೈಗೆ ಸಿಗುವ ಬಿಡಿಭಾಗವೊಂದು, ಬಿಸಾಡಲು ಮನಸ್ಸು ಬಾರದ ಒಡತಿಯೊಬ್ಬಳು, ಇವಿಷ್ಟೂ ಸೇರಿದರೆ ಆಯುಸ್ಸು.

ಬಸವನಗುಡಿಯ ಆ ಮನೆಯ ಹಿಂದಿನ ಕೋಣೆಯಲ್ಲಿ ರಾತ್ರಿ ಒಂಬತ್ತಕ್ಕೆ ಹಳೆಯ ಫ್ಯಾನು ಮೆಲ್ಲಗೆ ತಿರುಗತೊಡಗುತ್ತದೆ. ಆ ಸದ್ದಿಲ್ಲದೆ ತಾಯಿಗೆ ನಿದ್ದೆ ಹತ್ತುವುದಿಲ್ಲ.