ಒಂಟಿ ಎಸಳಿನ ಸಂಸಾರ

ಮಾರ್ಚ್ ಮೊದಲ ವಾರ. ತಾರಸಿ ಮೂಲೆಯ ಗ್ರೋಬ್ಯಾಗಿನಲ್ಲಿ ಬೆಳ್ಳುಳ್ಳಿಯ ಗರಿ ಹಳದಿಗೆ ತಿರುಗಿತ್ತು. ನಾಲ್ಕು ತಿಂಗಳು ಕಾದಿದ್ದ ಬೆಂಗಳೂರಿನ ಯಜಮಾನರು ಮಣ್ಣು ಸಡಿಲಿಸಿ ಒಂದನ್ನು ಎತ್ತಿದರು. ಬಂದದ್ದು ದೊಡ್ಡ ಗೋಲಿಯಂಥ ಉಂಡೆ. ಸಿಪ್ಪೆ ಸುಲಿದರೆ ಇಡೀ ಗಡ್ಡೆಯೇ ಒಂದು ಎಸಳು. ಎರಡನೆಯದೂ ಹಾಗೇ. ಹನ್ನೆರಡೂ ಹಾಗೇ.

“ನೆಟ್ಟದ್ದು ಹನ್ನೆರಡು ಎಸಳು, ಬಂದದ್ದೂ ಹನ್ನೆರಡು ಎಸಳು. ಬಡ್ಡಿಯಿಲ್ಲದ ಸಾಲ” ಎಂದು ಮನೆಯಾಕೆ ಲೆಕ್ಕ ಮುಗಿಸಿದರು. ಪಕ್ಕದ ತಾರಸಿಯಿಂದ ಇಣುಕಿದವರಿಗೆ ಮಾತ್ರ ಹೊಟ್ಟೆಕಿಚ್ಚು: ಒಂಟಿ ಬೆಳ್ಳುಳ್ಳಿ! ಅಂಗಡಿಯಲ್ಲಿ ಅದಕ್ಕೆ ಔಷಧಿಯ ಮರ್ಯಾದೆ, ಔಷಧಿಯದೇ ದರ.

ಬೆಳ್ಳುಳ್ಳಿ ಎಸಳಾಗಿ ಒಡೆಯಬೇಕಾದರೆ ಮೊದಲು ಚಳಿ ತಾಗಬೇಕು, ಆಮೇಲೆ ಹಗಲು ಹಿಗ್ಗಬೇಕು. ಎರಡೂ ಸಾಲದೆ ಹೋದರೆ ಅದು ಸಂಸಾರ ಹೂಡುವ ಗೋಜಿಗೇ ಹೋಗದೆ ಬ್ರಹ್ಮಚಾರಿಯಾಗಿಯೇ ದುಂಡಗಾಗುತ್ತದೆ.

ಇದಕ್ಕೆಲ್ಲ ಕಾರಣ ಈ ಸಲ ತಾರಸಿ ಪಂಡಿತರೊಬ್ಬರ ಮಾತು ಕೇಳಿದ್ದು. “ಅಡುಗೆಮನೆ ಬುಟ್ಟಿಯಿಂದ ಎಸಳು ತೆಗೆದು ಚುಚ್ಚಿ, ಸಾಕು” ಎನ್ನುವ ಪಂಗಡದವರು ಅವರು. ಯಾವ ಬುಟ್ಟಿ ಸ್ವಾಮಿ? ಯಾರ ಎಸಳು? ಹಿಮಾಚಲದ ಕುಲ್ಲು, ಸಿರ್‌ಮೌರ್ ಕಡೆಯ ದಪ್ಪ ಎಸಳು ಕಣ್ಣಿಗೆ ಚೆಂದ, ಸುಲಿಯಲು ಸುಲಭ. ಆದರೆ ಅದು ಕೊರೆಯುವ ಚಳಿಗೆ, ಉದ್ದನೆಯ ಹಗಲಿಗೆ ಒಗ್ಗಿದ್ದು. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಬಯಲಿಗೆ ಹೊಂದುವ ಯಮುನಾ ಸಫೇದ್, ಅಗ್ರಿಫೌಂಡ್ ವೈಟ್ ತಳಿಗಳಿವೆ. ಅಗ್ರಿಫೌಂಡ್ ಪಾರ್ವತಿ ಬೆಟ್ಟದ ಮಗಳು, ಹೆಸರೇ ಹೇಳುತ್ತದೆ; ತಾರಸಿಗೆ ಕರೆತಂದರೆ ಒಲಿಯುವವಳಲ್ಲ. ಬೆಳ್ಳುಳ್ಳಿ ಬೀಜ ಕಟ್ಟುವ ಬೆಳೆಯಲ್ಲ, ಎಸಳೇ ಅದರ ವಂಶ. ಹಾಗಿರುವಾಗ ಎಸಳಿನ ಊರು ಕೇಳದೆ ನೆಡುವುದೆಂದರೇನು?

ಚಳಿಯಿಲ್ಲದ ಊರಿಗೆ ಯಜಮಾನರ ಉಪಾಯ ಫ್ರಿಜ್. ನೆಡುವ ಮುಂಚೆ ನಾಲ್ಕಾರು ವಾರ ಒಳಗಿಟ್ಟರೆ ಗಡ್ಡೆ ಚಳಿಗಾಲ ಕಳೆಯಿತೆಂದು ನಂಬಿಬಿಡುತ್ತದೆ. ಹಿಂದಿನ ವರ್ಷ ಹಾಗೇ ಇಟ್ಟರು, ಆದರೆ ಉಗುರಿನಿಂದ ಎಸಳು ಬಿಡಿಸಿ. ಮೂರನೇ ದಿನ ಬೆಣ್ಣೆಯಲ್ಲಿ ಬೆಳ್ಳುಳ್ಳಿ, ನಾಲ್ಕನೇ ದಿನ ಹಾಲಿನಲ್ಲಿ ಬೆಳ್ಳುಳ್ಳಿ, ಐದನೇ ದಿನ ಬೆಳಗಿನ ಕಾಫಿಯಲ್ಲೂ. ಆರನೇ ದಿನ ಫ್ರಿಜ್ಜಿನ ಬಾಗಿಲು ಅವರ ಪಾಲಿಗೆ ಮುಚ್ಚಿತು.

ತಪ್ಪು ಉಗುರಿನದು. ಗಾಯವಾಗದ ಎಸಳಿಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಅದರೊಳಗೆ ಅಲಿನ್ ಒಂದು ಕೋಣೆಯಲ್ಲಿ, ಅಲಿನೇಸ್ ಎಂಬ ಕಿಣ್ವ ಇನ್ನೊಂದರಲ್ಲಿ. ನಡುವಿನ ಗೋಡೆ ಒಡೆದರೆ ಎರಡೂ ಸೇರಿ ಅಲಿಸಿನ್ ಆಗುತ್ತದೆ. ಮೂಗಿಗೆ ಹೊಡೆಯುವುದು ಅದರ ಘಾಟು. ಅಲಿಸಿನ್ನನ್ನು ಅಮೆರಿಕದ ಕ್ಯಾವಲ್ಲಿಟೊ ಮತ್ತು ಬೇಲಿ ಬೇರ್ಪಡಿಸಿದ್ದು 1944ರಲ್ಲಿ. ಅದರ ಮೂಲ ಅಲಿನ್ ಎಂದು ಸ್ವಿಟ್ಜರ್ಲೆಂಡಿನ ಸ್ಟೋಲ್ ಮತ್ತು ಸೀಬೆಕ್ ತೋರಿಸಲು ಇನ್ನೂ ಕೆಲವು ವರ್ಷ ಹಿಡಿಯಿತು. ಇಡೀ ಗಡ್ಡೆಯನ್ನೇ ಫ್ರಿಜ್ಜಿನಲ್ಲಿಟ್ಟು, ನೆಡುವ ದಿನ ಎಸಳು ಬಿಡಿಸಿದ್ದರೆ ಬೆಣ್ಣೆಯ ಮಾನ ಉಳಿಯುತ್ತಿತ್ತು. ಯಜಮಾನರು ಇದನ್ನು ಮನೆಯಲ್ಲಿ ಮೂರು ಸಲ ವಿವರಿಸಿದ್ದಾರೆ. ಬಾಗಿಲು ತೆರೆದಿಲ್ಲ.

ಸಾಂಬಾರ್ ಈರುಳ್ಳಿಯ ಮಾತು ಬಂದರಂತೂ ಅವರ ದನಿಯೇ ಏರುತ್ತದೆ. ನೆಡಲೆಂದು ಕೇಳಿದಾಗ ಅಂಗಡಿಯವನೊಬ್ಬ ಕೊಟ್ಟದ್ದು ಗುಲಾಬಿ ಈರುಳ್ಳಿ. ಕುಂಡದಲ್ಲಿ ಅದು ಕೊಳವೆಯಂಥ ದಂಟು ಎತ್ತಿ ಹೂಬಿಟ್ಟಿತು, ಅಷ್ಟೇ. ಗುಲಾಬಿ ಈರುಳ್ಳಿಯ ಮೇಲೆ ಅವರಿಗೆ ದ್ವೇಷವಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕೆಂಪು ಮಣ್ಣಿನಲ್ಲಿ ಬೀಜದಿಂದ ಬೆಳೆದು, ಮಲೇಷ್ಯಾ, ಸಿಂಗಪುರಕ್ಕೆ ಹಡಗೇರಿ, ‘ಬೆಂಗಳೂರು ರೋಸ್’ ಎಂದು ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದ ಈರುಳ್ಳಿ ಅದು. ಆದರೆ ಸಣ್ಣಗಿದ್ದದ್ದೆಲ್ಲ ಸಾಂಬಾರ್ ಈರುಳ್ಳಿಯೇ?

ಪರೀಕ್ಷೆ ಸುಲಭ, ಅಡ್ಡ ಕೊಯ್ದು ನೋಡಿ. ಗುಲಾಬಿ ಈರುಳ್ಳಿಯಲ್ಲಿ ಸಾಮಾನ್ಯವಾಗಿ ಒಂದೇ ನಡುವಿನ ಸುತ್ತ ಬಳೆಗಳು. ಸಾಂಬಾರ್ ಈರುಳ್ಳಿಯಲ್ಲಿ ಒಂದೇ ಹೊರಸಿಪ್ಪೆಯೊಳಗೆ ಎರಡೋ ಮೂರೋ ನಡು, ಪ್ರತಿಯೊಂದಕ್ಕೂ ತನ್ನದೇ ಬಳೆ. ಅವಿಭಕ್ತ ಕುಟುಂಬ! ಅಂಥದ್ದೊಂದನ್ನು ಕುತ್ತಿಗೆ ಕಾಣುವಷ್ಟೇ ಆಳದಲ್ಲಿ ಊರಿ, ನೀರು ನಿಲ್ಲದಂತೆ ನೋಡಿಕೊಂಡರೆ ಎರಡೂವರೆ ತಿಂಗಳಿಗೆ ಐದಾರು ಗಡ್ಡೆಯ ಗೊಂಚಲು.

ಹನ್ನೆರಡು ಒಂಟಿ ಬೆಳ್ಳುಳ್ಳಿಯನ್ನು ಯಜಮಾನರು ಮೊರದಲ್ಲಿ ನೆರಳಿಗಿಟ್ಟಿದ್ದಾರೆ. ಅವಕ್ಕೆ ಚಳಿ ಕೊಟ್ಟು ಅಕ್ಟೋಬರ್‌ನಲ್ಲಿ ಮತ್ತೆ ನೆಟ್ಟರೆ ಎಸಳು ಒಡೆದ ಗಡ್ಡೆ ಬರುತ್ತದೆಂಬುದು ಅವರ ವಾದ. ಭಾನುವಾರ ಎಣಿಸಿದಾಗ ಹತ್ತಿದ್ದವು. ಕೆಳಗೆ ಅಡುಗೆಮನೆಯಲ್ಲಿ ಯಾರೋ ಏನನ್ನೋ ಜಜ್ಜಿದ ಸದ್ದು. ಹಿಂದೆಯೇ ಸಾರಿನ ಒಗ್ಗರಣೆಯ ಘಮ ಮೆಟ್ಟಿಲೇರಿ ಬಂತು.