ಬೆಳಕನ್ನು ಬೆಳಕಿನಿಂದಲೇ ಅಳೆಯೋದು

ನಮ್ಮ ಟೈಟೇನಿಯಂ-ಸಫೈರ್ ಲೇಸರ್‌ನ ಒಂದು ಮಿಡಿತ ಇರೋದು 100 ಫೆಮ್ಟೋಸೆಕೆಂಡ್. ಅಂದ್ರೆ ಸೆಕೆಂಡನ್ನು ಹತ್ತು ಲಕ್ಷ ಕೋಟಿ ಹೋಳು ಮಾಡಿದರೆ ಅದರಲ್ಲಿ ಒಂದು! ಇದನ್ನು ನೇರವಾಗಿ ಅಳೆಯುವಷ್ಟು ಚುರುಕು ಯಾವ ಎಲೆಕ್ಟ್ರಾನಿಕ್ ಡಿಟೆಕ್ಟರ್‌ಗೂ ಇಲ್ಲ. ಹಾಗಾದ್ರೆ ಅಳೆಯೋದು ಹೇಗೆ?

ಮಿಡಿತವನ್ನೇ ಎರಡು ಪಾಲು ಮಾಡ್ತೀವಿ. ಒಂದನ್ನು ಕನ್ನಡಿ ಸರಿಸಿ ತಡವಾಗಿ ಕಳಿಸಿ, ಎರಡನ್ನೂ ಹರಳೊಂದರಲ್ಲಿ ಓರೆಯಾಗಿ ಸೇರಿಸ್ತೀವಿ. ಒಟ್ಟಿಗೆ ತಲುಪಿದರೆ ಮಾತ್ರ ನಡುವೆ ನೀಲಿ ಬೆಳಕು. ಕನ್ನಡಿ 15 ಮೈಕ್ರೋಮೀಟರ್ ಸರಿದರೆ 100 ಫೆಮ್ಟೋಸೆಕೆಂಡ್ ತಡ.

ಆದರೆ ಈ ಗ್ರಾಫನ್ನು ಪೂರ್ತಿ ನಂಬೋ ಹಾಗಿಲ್ಲ. ಮಿಡಿತ ಎಷ್ಟೇ ಸೊಟ್ಟಗಿದ್ದರೂ ಗ್ರಾಫ್ ಎಡಬಲ ಒಂದೇ ಥರ ಬರುತ್ತೆ. ಅದಕ್ಕೇ ನಾನು, 1990ರ ದಶಕದಲ್ಲಿ ಬಂದ 'ಫ್ರಾಗ್' ವಿಧಾನದಲ್ಲಿ ಆ ನೀಲಿಯ ಬಣ್ಣಗಳನ್ನೂ ಬಿಡಿಸಿ ನೋಡ್ತೀನಿ. ಇಲ್ಲದಿದ್ದರೆ ಅಣು ಹೇಳಿದ್ದು ಯಾವುದು, ಲೇಸರ್ ಹೇಳಿದ್ದು ಯಾವುದು ಅಂತ ಗೊತ್ತಾಗೋದಾದರೂ ಹೇಗೆ?