ಪ್ರೀತಿ ಬಂದರೂ ನೋವು ಹೋಗಲಿಲ್ಲ

ತಾಲಿಯಾ ಹಿಬರ್ಟ್ ಬರೆದ ‘ಗೆಟ್ ಎ ಲೈಫ್, ಕ್ಲೋಯಿ ಬ್ರೌನ್’ (2019) ಈಗಷ್ಟೇ ಓದಿ ಮುಗಿಸಿದೆ. ಇಂಗ್ಲೆಂಡಿನ ಕಥೆ. ನಾಯಕಿ ಕ್ಲೋಯಿಗೆ ಫೈಬ್ರೊಮಯಾಲ್ಜಿಯಾ, ಮೈತುಂಬ ನೋವು, ಬಿಡದ ಸುಸ್ತು. ಅಂಥವಳು ಬೆಕ್ಕೊಂದನ್ನು ಇಳಿಸಲು ಮರ ಹತ್ತುತ್ತಾಳೆ. ಅಪಾರ್ಟ್‌ಮೆಂಟ್ ನೋಡಿಕೊಳ್ಳುವ ರೆಡ್ ನೆರವಿಗೆ ಬರುತ್ತಾನೆ.

ಪ್ರೀತಿ ಹುಟ್ಟಿದ ಮೇಲೂ ಆ ನೋವು ಮಾಯವಾಗುವುದಿಲ್ಲ ನೋಡಿ, ನನಗೆ ತುಂಬಾ ಹಿಡಿಸಿದ್ದು ಅದೇ. ಕಾಯಿಲೆಯ ಹೆಣ್ಣು ಕೊನೆಗೆ ಗುಣವಾಗಬೇಕು, ಇಲ್ಲವೇ ಸಾಯಬೇಕು ಅಂತ ಎಷ್ಟು ಪ್ರೇಮಕಥೆಗಳು ಹಟ ಹಿಡಿದಿಲ್ಲ! ಇಲ್ಲಿ ಮಾತ್ರೆಯೂ ಇದೆ, ಕೈಲಾಗದ ದಿನಗಳೂ ಇವೆ, ಅದನ್ನು ಅರ್ಥ ಮಾಡಿಕೊಳ್ಳುವವನೂ ಇದ್ದಾನೆ.

ಎಮಿಲಿ ಹೆನ್ರಿಯ ‘ಬುಕ್ ಲವರ್ಸ್’ (2022) ಕೂಡ ಹಾಗೇ. ನ್ಯೂಯಾರ್ಕಿನಲ್ಲಿ ಲೇಖಕರ ಏಜೆಂಟ್ ಆಗಿರುವ ನೋರಾಗೆ ಕೆಲಸವೆಂದರೆ ಪ್ರಾಣ. ಪ್ರೀತಿಗಾಗಿ ಅದನ್ನು ಬಿಡು ಅಂತ ಕಥೆ ಅವಳನ್ನು ಪೀಡಿಸುವುದಿಲ್ಲ. (ತಂಗಿ ಲಿಬ್ಬಿಯ ಜೊತೆಗಿನ ಭಾಗಗಳು ಪ್ರೇಮಕ್ಕಿಂತಲೂ ಚೆನ್ನಾಗಿವೆ, ನನ್ನ ಮಟ್ಟಿಗೆ.)

ಹೆಣ್ಣನ್ನು ಇದ್ದ ಹಾಗೇ ಪ್ರೀತಿಸುವ ಇಂಥ ಕಾದಂಬರಿ ಕನ್ನಡದಲ್ಲಿ ಈಚೆಗೆ ಓದಿದ್ದೀರಾ? ಹೆಸರು ಹಾಕಿ, ಖಂಡಿತ ಕೊಂಡು ಓದುತ್ತೇನೆ.